ಹೋಗಿ ಬಂದ ಜಾಗಗಳನ್ನು ನಕ್ಷೆಗೆ ಇಳಿಸುವುದು ಹೇಗೆ?

ಮಾಸ್ಕೋದಲ್ಲಿ ಎರಡು ದಿನ ಇದ್ದು ಬಂದವರೊಬ್ಬರು ತಮ್ಮ ಪ್ರಯಾಣದ ನಕ್ಷೆಯಲ್ಲಿ ರಷ್ಯಾ ಮೇಲೆ ಕ್ಲಿಕ್ ಮಾಡುತ್ತಾರೆ ಅಂದುಕೊಳ್ಳಿ. ತಕ್ಷಣ 1.71 ಕೋಟಿ ಚದರ ಕಿಲೋಮೀಟರ್ ಕೆಂಪಾಗುತ್ತದೆ. ಮಾಸ್ಕೋದಿಂದ ವ್ಲಾದಿವೊಸ್ತೋಕ್‌ವರೆಗಿನ ರೈಲು ದಾರಿಯೇ 9,289 ಕಿಲೋಮೀಟರ್ ಇದೆ. ಆ ದಾರಿಯ ಒಂದು ಸ್ಟೇಷನ್ನನ್ನೂ ಅವರು ನೋಡಿಲ್ಲ. ಇನ್ನೊಬ್ಬರು ಲಿಕ್ಟನ್‌ಸ್ಟೈನ್ ದೇಶವನ್ನು ಮೂಲೆ ಮೂಲೆ ಬಿಡದೆ ನಡೆದು ಸುತ್ತಿದ್ದಾರೆ. ಆ ದೇಶ ಇರುವುದೇ 160 ಚದರ ಕಿಲೋಮೀಟರ್. ಪ್ರಪಂಚದ ನಕ್ಷೆಯಲ್ಲಿ ಅವರ ಓಡಾಟ ಒಂದು ಚುಕ್ಕಿಯಾಗಿಯೂ ಕಾಣುವುದಿಲ್ಲ.

ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ನಕ್ಷೆ ನೋಡಿದವರಿಗೆ ಸಿಗುವ ಚಿತ್ರ ಪೂರ್ತಿ ತಲೆಕೆಳಗು, ಅಲ್ವಾ? ತಾನು ಓಡಾಡಿದ ಜಾಗಗಳ ನಕ್ಷೆ ಮಾಡಿಕೊಳ್ಳುವ ಆಸೆ ತುಂಬಾ ಜನಕ್ಕೆ ಇರುತ್ತದೆ. ಅದು ಒಳ್ಳೆಯ ಆಸೆ. ಆದರೆ ಹೆಚ್ಚಿನವರು ಮೊದಲು ಆ್ಯಪ್ ಹುಡುಕುತ್ತಾರೆ, ಆಮೇಲೆ ಬಣ್ಣ ತುಂಬುತ್ತಾರೆ, ಅಷ್ಟಕ್ಕೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಕೆಲಸ ಶುರುವಾಗಬೇಕಾದದ್ದು ಬಣ್ಣದಿಂದ ಅಲ್ಲ, ಒಂದು ಪಟ್ಟಿಯಿಂದ. ಪಟ್ಟಿ ಸರಿಯಾಗಿದ್ದರೆ ಅದರಿಂದ ಹತ್ತು ಥರದ ನಕ್ಷೆ ತೆಗೆಯಬಹುದು. ಪಟ್ಟಿಯೇ ಇಲ್ಲದಿದ್ದರೆ ನಕ್ಷೆ ಎಷ್ಟು ಚೆಂದ ಕಂಡರೂ ಅದರಿಂದ ನಿಮಗೇ ಏನೂ ತಿಳಿಯುವುದಿಲ್ಲ.

ಬಣ್ಣ ತುಂಬುವುದರಲ್ಲಿ ಏನು ತೊಂದರೆ

ಪ್ರದೇಶಗಳಿಗೆ ಬಣ್ಣ ತುಂಬಿ ಮಾಹಿತಿ ತೋರಿಸುವ ಪದ್ಧತಿ ಹಳೆಯದು. 1826ರಲ್ಲಿ ಫ್ರಾನ್ಸಿನ ಶಾರ್ಲ್ ದುಪಾಂ ತನ್ನ ದೇಶದ ಜಿಲ್ಲೆಗಳಲ್ಲಿ ಶಿಕ್ಷಣ ಎಷ್ಟರಮಟ್ಟಿಗೆ ಇದೆ ಎಂದು ತೋರಿಸಲು ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳನ್ನು ಬಳಸಿದ. ಅಲ್ಲಿ ಅದು ಸರಿಹೋಗುತ್ತದೆ. ಒಂದು ಜಿಲ್ಲೆಯ ಶಿಕ್ಷಣದ ಪ್ರಮಾಣ ಅಂದರೆ ಇಡೀ ಜಿಲ್ಲೆಗೆ ಸೇರಿದ ಸಂಗತಿ. ಪ್ರಯಾಣ ಹಾಗಲ್ಲ. ನೀವು ಇದ್ದದ್ದು ಒಂದು ಬೀದಿಯಲ್ಲಿ, ಒಂದು ದಡದಲ್ಲಿ, ಒಂದು ರಸ್ತೆಯ ಮೇಲೆ. ಅದನ್ನು ಇಡೀ ದೇಶಕ್ಕೆ ಹರಡಿದಾಗ ಅಳತೆ ಕೆಡುತ್ತದೆ.

ದೇಶದ ಬದಲು ರಾಜ್ಯ ಹಿಡಿದರೆ ಸರಿಹೋಗುತ್ತದಾ? ಸ್ವಲ್ಪ ಮಾತ್ರ. ರಷ್ಯಾದ ಸಾಖಾ ಗಣರಾಜ್ಯ ಆ ದೇಶದ ಒಳಗಿನ ಒಂದು ಭಾಗ ಅಷ್ಟೇ. ಅದರ ವಿಸ್ತೀರ್ಣ ಸುಮಾರು 30.8 ಲಕ್ಷ ಚದರ ಕಿಲೋಮೀಟರ್, ಭಾರತಕ್ಕಿಂತ ಸ್ವಲ್ಪವೇ ಕಡಿಮೆ. ಅದರ ರಾಜಧಾನಿ ಯಾಕುತ್ಸ್ಕ್‌ನ ವಿಮಾನ ನಿಲ್ದಾಣದಲ್ಲಿ ಇಳಿದರೆ ಸಾಕು, ಅಷ್ಟೂ ಜಾಗಕ್ಕೆ ಬಣ್ಣ ಬರುತ್ತದೆ. ಇನ್ನೊಂದು ಕಡೆ, ಪ್ಯಾರಿಸ್ ನೋಡಿ ಬಂದವರು ಫ್ರಾನ್ಸ್ ಮೇಲೆ ಕ್ಲಿಕ್ ಮಾಡಿದರೆ ಕೆಲವು ನಕ್ಷೆಗಳಲ್ಲಿ ದಕ್ಷಿಣ ಅಮೆರಿಕದಲ್ಲೂ ಒಂದು ತುಂಡು ಕೆಂಪಾಗುತ್ತದೆ. ಯಾಕೆಂದರೆ ಫ್ರೆಂಚ್ ಗಯಾನಾ ಫ್ರಾನ್ಸಿಗೆ ಸೇರಿದ್ದು.

ಇದಕ್ಕೆ ಸೈಕಲ್ ಹೊಡೆಯುವವರು, ಓಡುವವರು ಒಂದು ಚೆನ್ನಾದ ದಾರಿ ಕಂಡುಕೊಂಡಿದ್ದಾರೆ. ಅವರು ದೇಶದ ಗಡಿಯನ್ನೇ ಮರೆತು ಭೂಮಿಯನ್ನು ಚೌಕಗಳಾಗಿ ನೋಡುತ್ತಾರೆ. ಆನ್‌ಲೈನ್ ನಕ್ಷೆಗಳು ಮೊದಲೇ ಇಂಥ ಚೌಕಗಳಲ್ಲಿ ಕತ್ತರಿಸಿ ಇಟ್ಟಿರುತ್ತವೆ. 14ನೇ ಝೂಮ್ ಹಂತದಲ್ಲಿ ಪ್ರಪಂಚ ಅಡ್ಡಕ್ಕೆ 16,384, ಉದ್ದಕ್ಕೆ 16,384 ಚೌಕಗಳಾಗಿ ಒಡೆದುಕೊಳ್ಳುತ್ತದೆ. ಭೂಮಧ್ಯರೇಖೆಯಲ್ಲಿ ಒಂದು ಚೌಕದ ಬದಿ ಸುಮಾರು 2.4 ಕಿಲೋಮೀಟರ್. ಯಾವ ಚೌಕದೊಳಗೆ ನಿಜವಾಗಿ ಹೋಗಿದ್ದೀರೋ ಅದಕ್ಕೆ ಮಾತ್ರ ಬಣ್ಣ. ಈ ನಕ್ಷೆ ನೋಡಿದರೆ ಮೊದಲಿಗೆ ಬೇಜಾರಾಗುತ್ತದೆ, ಎಷ್ಟು ಕಡಿಮೆ ಜಾಗ ನೋಡಿದ್ದೇವೆ ಅನ್ನಿಸುತ್ತದೆ. ಆದರೆ ಇದು ನಿಜ ಹೇಳುವ ನಕ್ಷೆ. ಇದರಲ್ಲೂ ಒಂದು ಸಣ್ಣ ವಾಲಿಕೆ ಇದೆ. ಧ್ರುವಗಳ ಕಡೆ ಹೋದಂತೆ ಚೌಕಗಳು ಚಿಕ್ಕದಾಗುತ್ತವೆ. 60 ಡಿಗ್ರಿ ಅಕ್ಷಾಂಶದಲ್ಲಿ ಬದಿ ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಅಷ್ಟೇ ದೂರ ಓಡಾಡಿದರೂ ಉತ್ತರದಲ್ಲಿರುವವರಿಗೆ ಚೌಕಗಳ ಲೆಕ್ಕ ಜಾಸ್ತಿ ಸಿಗುತ್ತದೆ. ಇದನ್ನು ತಪ್ಪಿಸಬೇಕು ಅನ್ನುವವರು ಷಟ್ಕೋನಗಳ ಜಾಲ ಬಳಸುತ್ತಾರೆ. ಊಬರ್ ಕಂಪನಿ 2018ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಎಚ್3 ಅಂಥದ್ದೇ ಒಂದು ಜಾಲ. ಅದರ ಕೋಶಗಳ ವಿಸ್ತೀರ್ಣದಲ್ಲಿ ಇಷ್ಟೊಂದು ಏರುಪೇರು ಇಲ್ಲ.

"ಹೋಗಿದ್ದೇನೆ" ಅಂತ ಯಾವಾಗ ಹೇಳಬಹುದು

ಇದು ಇಡೀ ವಿಷಯದ ಗಂಟು. ವಿಮಾನ ಬದಲಿಸುವಾಗ ನಾಲ್ಕು ಗಂಟೆ ಕೂತ ನಿಲ್ದಾಣ ಲೆಕ್ಕಕ್ಕೆ ಬರುತ್ತದಾ? ರಾತ್ರಿ ನಿದ್ದೆಯಲ್ಲಿದ್ದಾಗ ರೈಲು ದಾಟಿದ ರಾಜ್ಯ? ಹಡಗಿನ ಡೆಕ್‌ನಿಂದ ಕಂಡ ದ್ವೀಪ? ಹುಟ್ಟಿದ ಊರು, ಆದರೆ ಒಂದೂ ನೆನಪಿಲ್ಲ?

ಬೇರೆ ಬೇರೆ ಜನ ಬೇರೆ ಬೇರೆ ನಿಯಮ ಇಟ್ಟುಕೊಂಡಿದ್ದಾರೆ. 1954ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಶುರುವಾದ ಟ್ರಾವೆಲರ್ಸ್ ಸೆಂಚುರಿ ಕ್ಲಬ್ ನೂರು ದೇಶ, ಪ್ರದೇಶ ನೋಡಿದವರ ಸಂಘ. ಅವರ ಪ್ರಕಾರ ವಿಮಾನ ಇಂಧನ ತುಂಬಿಸಿಕೊಳ್ಳಲು ಇಳಿದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಎಷ್ಟು ದೇಶ ಇವೆ ಅನ್ನುವುದರಲ್ಲೂ ಒಮ್ಮತ ಇಲ್ಲ. ವಿಶ್ವಸಂಸ್ಥೆಯ ಸದಸ್ಯ ದೇಶಗಳು 193. ವೀಕ್ಷಕ ಸ್ಥಾನ ಪಡೆದ ವ್ಯಾಟಿಕನ್, ಪ್ಯಾಲೆಸ್ಟೈನ್ ಸೇರಿದರೆ 195. ಕಂಪ್ಯೂಟರುಗಳು ಬಳಸುವ ಐಎಸ್‌ಒ ಪಟ್ಟಿಯಲ್ಲಿ ದೇಶ ಮತ್ತು ಪ್ರದೇಶ ಸೇರಿ 249 ಸಂಕೇತಗಳಿವೆ. ಈ ಕ್ಲಬ್ಬಿನ ಪಟ್ಟಿ 300 ದಾಟುತ್ತದೆ, ಯಾಕೆಂದರೆ ಅವರು ದೂರದ ದ್ವೀಪಗಳನ್ನೂ ಬೇರೆಯಾಗಿಯೇ ಎಣಿಸುತ್ತಾರೆ. ಒಬ್ಬರೇ ಮನುಷ್ಯರು, ಅವೇ ಪ್ರಯಾಣಗಳು, ಪಟ್ಟಿ ಬದಲಾದರೆ ಅಂಕಿ ಬದಲಾಗುತ್ತದೆ. "ನಾನು ಇಷ್ಟು ಶೇಕಡ ಪ್ರಪಂಚ ನೋಡಿದ್ದೇನೆ" ಅನ್ನುವ ಮಾತಿಗೆ ನಾನು ಬೆಲೆ ಕೊಡದಿರುವುದು ಇದಕ್ಕೇ.

ನನಗೆ ತುಂಬಾ ಹಿಡಿಸಿದ ಪದ್ಧತಿ ಜಪಾನಿನದು. ಅಲ್ಲಿ ಕೇಕೆನ್‌ಚಿ ಅಂತ ಒಂದು ಲೆಕ್ಕಾಚಾರ ಇದೆ. ಜಪಾನಿನಲ್ಲಿ 47 ಪ್ರಾಂತಗಳು. ಒಂದು ಪ್ರಾಂತದಲ್ಲಿ ವಾಸ ಮಾಡಿದ್ದರೆ 5 ಅಂಕ. ರಾತ್ರಿ ತಂಗಿದ್ದರೆ 4. ಉಳಿಯದೆ ಸುತ್ತಾಡಿ ಬಂದಿದ್ದರೆ 3. ಸುಮ್ನೆ ಇಳಿದು ಕಾಲಿಟ್ಟು ಹೊರಟಿದ್ದರೆ 2. ಗಾಡಿಯಲ್ಲಿ ಹಾದುಹೋಗಿದ್ದರೆ 1. ಹೋಗೇ ಇಲ್ಲದಿದ್ದರೆ ಸೊನ್ನೆ. ಪೂರ್ತಿ 235 ಅಂಕ ಬರಬೇಕಾದರೆ 47 ಪ್ರಾಂತಗಳಲ್ಲೂ ಮನೆ ಮಾಡಿರಬೇಕು! ಅಂಕ ಬಿಡಿ, ಆ ಹಂತಗಳನ್ನು ನೋಡಿ. ಹೋಗಿದ್ದೇನೆ, ಇಲ್ಲ ಅನ್ನುವ ಎರಡೇ ಉತ್ತರದ ಬದಲು ಆರು ಉತ್ತರ ಸಿಕ್ಕಿತು. ಹಾದುಹೋದ ಜಾಗಕ್ಕೆ ತೆಳು ಬಣ್ಣ, ವರ್ಷಗಟ್ಟಲೆ ಇದ್ದ ಜಾಗಕ್ಕೆ ದಟ್ಟ ಬಣ್ಣ. ನಕ್ಷೆಗೆ ತಕ್ಷಣ ಜೀವ ಬರುತ್ತದೆ. ಯಾವ ದೇಶದವರು ಬೇಕಾದರೂ ಇದನ್ನು ಹಾಗೇ ಎತ್ತಿಕೊಳ್ಳಬಹುದು.

ನಿಯಮ ಯಾವುದಾದರೂ ಇರಲಿ, ಅದನ್ನು ನಕ್ಷೆಯ ಮೂಲೆಯಲ್ಲಿ ಒಂದು ಸಾಲು ಬರೆದಿಡಿ. "ಕನಿಷ್ಠ ಒಂದು ರಾತ್ರಿ ಉಳಿದ ಜಾಗಗಳು" ಅಂತ ಇದ್ದರೆ ನೋಡುವವರಿಗೂ ಗೊತ್ತಾಗುತ್ತದೆ, ಹತ್ತು ವರ್ಷ ಬಿಟ್ಟು ತೆಗೆದು ನೋಡುವ ನಿಮಗೂ ಗೊತ್ತಾಗುತ್ತದೆ.

ಪಟ್ಟಿಯಲ್ಲಿ ಏನಿರಬೇಕು

ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಒಂದು ಭೇಟಿಗೆ ಒಂದು ಸಾಲು. ಅದೇ ಊರಿಗೆ ಮತ್ತೆ ಹೋದರೆ ಮತ್ತೊಂದು ಸಾಲು. ಜಾಗದ ಹೆಸರು, ಅಕ್ಷಾಂಶ, ರೇಖಾಂಶ, ಹೋದ ದಿನ, ಹೊರಟ ದಿನ, ಹೇಗೆ ಹೋದಿರಿ, ಮೇಲೆ ಹೇಳಿದ ಹಂತಗಳಲ್ಲಿ ಯಾವುದು. ಇವುಗಳ ಜೊತೆ ಎಲ್ಲರೂ ಬಿಟ್ಟುಬಿಡುವ ಎರಡು ಕಾಲಂ ಇವೆ. ಒಂದು, ಈ ಮಾಹಿತಿ ಎಲ್ಲಿಂದ ಸಿಕ್ಕಿತು. ಇನ್ನೊಂದು, ಎಷ್ಟು ಖಚಿತ. ಟಿಕೆಟ್ ನೋಡಿ ಬರೆದದ್ದಕ್ಕೂ ನೆನಪಿನಿಂದ ಬರೆದದ್ದಕ್ಕೂ ವ್ಯತ್ಯಾಸ ಇದೆ. ಈಗ ನಿಮಗೆ ಗೊತ್ತಿರುತ್ತದೆ, ಮುಂದೆ ಮರೆತುಹೋಗುತ್ತದೆ.

ಅಕ್ಷಾಂಶ, ರೇಖಾಂಶ ಯಾಕೆ ಬೇಕು, ಊರಿನ ಹೆಸರು ಸಾಲದೇ ಅಂತ ಕೇಳಬಹುದು. ಹೆಸರು ಬದಲಾಗುತ್ತದೆ. ಲೆನಿನ್‌ಗ್ರಾಡ್ 1991ರಲ್ಲಿ ಮತ್ತೆ ಸೇಂಟ್ ಪೀಟರ್ಸ್‌ಬರ್ಗ್ ಆಯಿತು. ಕಝಾಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್‌ಸುಲ್ತಾನ್ ಆಗಿ 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ದೇಶಗಳೇ ಬದಲಾಗುತ್ತವೆ. 1992ರಲ್ಲಿ ಬ್ರಾಟಿಸ್ಲಾವಾ ನೋಡಿದವರು ಚೆಕೊಸ್ಲೊವಾಕಿಯಾಕ್ಕೆ ಹೋಗಿದ್ದರು. 1993ರ ಜನವರಿ 1ರಿಂದ ಅದೇ ಊರು ಸ್ಲೊವಾಕಿಯಾದಲ್ಲಿದೆ. ಅವರು ಪ್ರಾಗ್ ಕೂಡ ನೋಡಿದ್ದರೆ ಒಂದು ದೇಶವಾ, ಎರಡಾ? ಪಟ್ಟಿಯಲ್ಲಿ ಅಂದಿನ ಹೆಸರನ್ನು ಅಂದಿನಂತೆಯೇ ಬರೆದು ಪಕ್ಕದಲ್ಲಿ ಅಕ್ಷಾಂಶ, ರೇಖಾಂಶ ಇಟ್ಟರೆ ಜಗಳವೇ ಇಲ್ಲ. ಇವತ್ತಿನ ಗಡಿಯ ನಕ್ಷೆ ಬೇಕಾದರೆ ಅದನ್ನು ಹಾಕಿ, ಅಂದಿನ ಗಡಿಯದು ಬೇಕಾದರೆ ಅದನ್ನು ಹಾಕಿ. ಚುಕ್ಕಿ ಎರಡರಲ್ಲೂ ತನ್ನ ಜಾಗದಲ್ಲಿ ಕೂರುತ್ತದೆ.

ನೆಲವೂ ಪೂರ್ತಿ ಸ್ಥಿರ ಅಲ್ಲ ಅನ್ನಿ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಉತ್ತರದ ಕಡೆ ಜರುಗುತ್ತದೆ. ಆ ದೇಶ ಅಕ್ಷಾಂಶ, ರೇಖಾಂಶ ಅಳೆಯುವ ತನ್ನ 1994ರ ಚೌಕಟ್ಟನ್ನು ಬಿಟ್ಟು 2020ರದ್ದಕ್ಕೆ ಬಂದಾಗ ಎಲ್ಲ ಜಾಗಗಳ ಅಂಕಿ ಸುಮಾರು 1.8 ಮೀಟರ್ ಸರಿಯಿತು. ಪ್ರವಾಸದ ನಕ್ಷೆಗೆ ಇದರಿಂದ ಏನೂ ಆಗುವುದಿಲ್ಲ, ಆದರೆ ತಿಳಿದುಕೊಂಡರೆ ಖುಷಿ ಕೊಡುವ ವಿಷಯ.

ದಶಮಾಂಶ ಎಷ್ಟು ಬರೆಯಬೇಕು? ಅಕ್ಷಾಂಶದ ಒಂದು ಡಿಗ್ರಿ ಎಲ್ಲ ಕಡೆ ಸುಮಾರು 111 ಕಿಲೋಮೀಟರ್. ಹಾಗಾದರೆ ಎರಡು ದಶಮಾಂಶ ಅಂದರೆ ಸುಮಾರು 1.1 ಕಿಲೋಮೀಟರ್, ಮೂರು ಅಂದರೆ 110 ಮೀಟರ್, ಐದು ಅಂದರೆ ಒಂದು ಮೀಟರಿನ ಆಸುಪಾಸು. ಊರಿಗೆ ಎರಡು ಸಾಕು, ಒಂದು ಕಟ್ಟಡಕ್ಕೆ ನಾಲ್ಕು ಸಾಕು. ಫೋನ್ ಕೊಡುತ್ತದೆ ಅಂತ ಎಂಟು ದಶಮಾಂಶ ಬರೆದರೆ ಅದು ಮಿಲಿಮೀಟರಿನ ಲೆಕ್ಕ. ಅಷ್ಟು ನಿಖರತೆ ಫೋನಿಗೆ ಇಲ್ಲವೇ ಇಲ್ಲ.

ಎರಡು ತಪ್ಪುಗಳು ಎಲ್ಲರ ಪಟ್ಟಿಯಲ್ಲೂ ನುಸುಳುತ್ತವೆ. ಮೊದಲನೆಯದು ಅದಲುಬದಲು. ಪ್ಯಾರಿಸ್‌ನ ಅಕ್ಷಾಂಶ 48.86, ರೇಖಾಂಶ 2.35. ನಾವು ಮಾತಿನಲ್ಲಿ ಅಕ್ಷಾಂಶವನ್ನೇ ಮೊದಲು ಹೇಳುತ್ತೇವೆ. ಆದರೆ ನಕ್ಷೆಯ ಮಾಹಿತಿ ಇಡುವ ಕೆಎಂಎಲ್, ಜಿಯೋಜೇಸನ್ ಅನ್ನುವ ಫೈಲ್ ಬಗೆಗಳಲ್ಲಿ ರೇಖಾಂಶ ಮೊದಲು ಬರುತ್ತದೆ. ಗೊತ್ತಿಲ್ಲದೆ ಅದಲುಬದಲಾದರೆ ನಿಮ್ಮ ಪ್ಯಾರಿಸ್ ಸೊಮಾಲಿಯಾದ ಕರಾವಳಿಯಿಂದ ಆಚೆ ಹಿಂದೂ ಮಹಾಸಾಗರದಲ್ಲಿ ಬಿದ್ದಿರುತ್ತದೆ. ಎರಡನೆಯದು ಸೊನ್ನೆ. ಅಂಕಿ ಸಿಗದ ಕಡೆ ಸಾಫ್ಟ್‌ವೇರ್ ಸೊನ್ನೆ ತುಂಬಿದರೆ ಆ ಚುಕ್ಕಿ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಹೋಗಿ ಕೂರುತ್ತದೆ. ಭೂಮಧ್ಯರೇಖೆಯೂ ಸೊನ್ನೆ ಡಿಗ್ರಿ ರೇಖಾಂಶವೂ ಕೂಡುವ ಜಾಗ ಅದು. ಅಲ್ಲಿ ನೆಲ ಇಲ್ಲ. ಆದರೂ ಪ್ರಪಂಚದ ಎಲ್ಲ ತಪ್ಪು ಚುಕ್ಕಿಗಳು ಅಲ್ಲಿಗೇ ಬಂದು ಬೀಳುವುದರಿಂದ ನಕ್ಷೆ ಮಾಡುವವರು ಅದಕ್ಕೆ ನಲ್ ಐಲ್ಯಾಂಡ್ ಅಂತ ಹೆಸರಿಟ್ಟುಬಿಟ್ಟಿದ್ದಾರೆ. ನಕ್ಷೆ ತೆರೆದ ಕೂಡಲೇ ಮೊದಲು ಸಮುದ್ರಗಳನ್ನು ನೋಡಿ. ನೀವು ಹಡಗು ಹತ್ತಿಲ್ಲದಿದ್ದರೆ ಅಲ್ಲಿ ಚುಕ್ಕಿ ಇರಬಾರದು.

ಹಳೆಯ ಪ್ರಯಾಣಗಳನ್ನು ಹುಡುಕುವುದು

ಈ ಕೆಲಸದಲ್ಲಿ ಮನಸ್ಸು ಮುಳುಗಿಹೋಗುವುದು ಇಲ್ಲಿ. ಫೋನಿನಲ್ಲಿ ತೆಗೆದ ಫೋಟೋಗಳಿಂದ ಶುರು ಮಾಡಿ. ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೋದ ಒಳಗೆ ಎಕ್ಸಿಫ್ ಅನ್ನುವ ಮಾಹಿತಿ ಇರುತ್ತದೆ. ತೆಗೆದ ಹೊತ್ತು, ಅಕ್ಷಾಂಶ, ರೇಖಾಂಶ ಎಲ್ಲ ಅದರಲ್ಲಿ ಸಿಗುತ್ತದೆ. ಆದರೆ ಮೂಲ ಫೋಟೋವೇ ಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೋದಲ್ಲಿ ಇದು ಅಳಿಸಿಹೋಗಿರುತ್ತದೆ. ಹಳೆಯ ಡಿಜಿಟಲ್ ಕ್ಯಾಮೆರಾದ ಫೋಟೋಗಳಲ್ಲಿ ಜಾಗ ಇರುವುದಿಲ್ಲ, ಹೊತ್ತು ಮಾತ್ರ ಇರುತ್ತದೆ. ಆ ಹೊತ್ತನ್ನೂ ಕಣ್ಣುಮುಚ್ಚಿ ನಂಬಬೇಡಿ. ಬೇರೆ ದೇಶಕ್ಕೆ ಹೋದಾಗ ಕ್ಯಾಮೆರಾದ ಗಡಿಯಾರ ಬದಲಿಸುವವರು ಕಡಿಮೆ. ಗಡಿಯಾರ ಅಥವಾ ರೈಲು ಸಮಯದ ಬೋರ್ಡ್ ಕಾಣುವ ಒಂದು ಫೋಟೋ ಸಿಕ್ಕಿದರೆ ಸಾಕು. ಆ ಗಡಿಯಾರಕ್ಕೂ ಫೋಟೋದ ಹೊತ್ತಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಆ ಪ್ರವಾಸದ ಎಲ್ಲ ಫೋಟೋಗಳನ್ನು ಅಷ್ಟೇ ಸರಿಸಬಹುದು.

ಆಮೇಲೆ ಪಾಸ್‌ಪೋರ್ಟಿನ ಮುದ್ರೆಗಳು, ಇಮೇಲ್‌ನಲ್ಲಿರುವ ಟಿಕೆಟ್‌ಗಳು, ಬ್ಯಾಂಕಿನ ಸ್ಟೇಟ್‌ಮೆಂಟ್, ಹಳೆಯ ಪತ್ರ, ಡೈರಿ. ಇವು ದಿನಾಂಕ ಕೊಡುತ್ತವೆ. ಜೊತೆಗೆ ಬಂದವರನ್ನು ಕೇಳಿ. ಆದರೆ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿ. ಒಟ್ಟಿಗೆ ಕೂರಿಸಿದರೆ ಜೋರಾಗಿ ಮಾತಾಡುವವರ ನೆನಪೇ ಎಲ್ಲರ ನೆನಪಾಗುತ್ತದೆ.

ಬರೀ ಬರಹದಿಂದ ಎಷ್ಟು ಸಿಗಬಹುದು ಅನ್ನುವುದಕ್ಕೆ ಹ್ಯೂಯೆನ್ ತ್ಸಾಂಗ್‌ಗಿಂತ ದೊಡ್ಡ ಉದಾಹರಣೆ ಬೇಡ. ಆತ ಭಾರತ ಸುತ್ತಿ 645ರಲ್ಲಿ ಚೀನಾಕ್ಕೆ ಮರಳಿದ. ತನ್ನ ಪ್ರವಾಸದ ವಿವರದಲ್ಲಿ ಒಂದು ಜಾಗದಿಂದ ಇನ್ನೊಂದಕ್ಕೆ ಯಾವ ದಿಕ್ಕು, ಎಷ್ಟು ಲೀ ದೂರ, ಅಲ್ಲಿ ಏನಿತ್ತು ಅಂತ ಬರೆಸಿದ. ಲೀ ಅಂದರೆ ಚೀನಾದ ದೂರದ ಅಳತೆ. ಹನ್ನೆರಡು ಶತಮಾನ ದಾಟಿದ ಮೇಲೆ, 1860ರ ದಶಕದಲ್ಲಿ, ಬ್ರಿಟಿಷ್ ಪುರಾತತ್ವಜ್ಞ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಆ ದಿಕ್ಕು ಮತ್ತು ದೂರಗಳನ್ನು ಹಿಡಿದು ಹಳೆಯ ಬೌದ್ಧ ಸ್ಥಳಗಳನ್ನು ಹುಡುಕುತ್ತಾ ಹೋದ. ನಳಂದಾದ ಗುರುತು ಸಿಕ್ಕಿದ್ದು ಹಾಗೆ. ದೂರದ ಅಳತೆ ಎಲ್ಲ ಕಡೆ ಕರಾರುವಾಕ್ಕಾಗಿ ಇರಲಿಲ್ಲ. ಆದರೆ ದಿಕ್ಕು, ದೂರ, ವಿವರ ಮೂರೂ ಒಟ್ಟಿಗೆ ಇದ್ದದ್ದರಿಂದ ಒಂದರ ತಪ್ಪನ್ನು ಇನ್ನೊಂದು ತಿದ್ದಿತು. ನಿಮ್ಮ ಮನೆಯ ಹಿರಿಯರು "ಆ ಊರಿಂದ ಅರ್ಧ ದಿನ ನಡೆದೆವು, ನದಿ ಬಲಕ್ಕಿತ್ತು" ಅಂತ ಹೇಳಿದರೆ ಅದನ್ನು ಅಂದಾಜು ಅಂತ ತಳ್ಳಿಹಾಕಬೇಡಿ. ಹಾಗೇ ಬರೆದುಕೊಳ್ಳಿ. ಹಳೆಯ ನಕ್ಷೆ ಹರಡಿಕೊಂಡು ಅವರ ಜೊತೆ ಕೂತರೆ ದಾರಿ ಸಿಗುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಚುಕ್ಕಿಗಿಂತ ಗೆರೆ

ನನ್ನನ್ನು ಕೇಳಿದರೆ ಪ್ರಯಾಣದ ನಕ್ಷೆಗೆ ಗೆರೆಯೇ ಸರಿ. ಚುಕ್ಕಿ ಎಲ್ಲಿದ್ದಿರಿ ಅನ್ನುತ್ತದೆ, ಗೆರೆ ಹೇಗೆ ತಲುಪಿದಿರಿ ಅನ್ನುತ್ತದೆ. ವಿಯೆನ್ನಾದ ಗ್ರಂಥಾಲಯದಲ್ಲಿ ಪ್ಯೂಟಿಂಗರ್ ನಕ್ಷೆ ಅಂತ ಒಂದಿದೆ. ರೋಮನ್ನರ ಕಾಲದ ರಸ್ತೆಗಳನ್ನು ತೋರಿಸುವ ನಕ್ಷೆಯ ಮಧ್ಯಯುಗದ ಪ್ರತಿ ಅದು. ಉದ್ದ ಸುಮಾರು 6.75 ಮೀಟರ್, ಅಗಲ 34 ಸೆಂಟಿಮೀಟರ್ ಮಾತ್ರ. ಮೆಡಿಟರೇನಿಯನ್ ಸಮುದ್ರ ಅದರಲ್ಲಿ ಒಂದು ಪಟ್ಟಿಯ ಹಾಗೆ ಹಿಂಡಿಹೋಗಿದೆ. ದೇಶಗಳ ಆಕಾರ ಯಾವುದೂ ಸರಿಯಿಲ್ಲ. ಆದರೆ ಯಾವ ನಿಲ್ದಾಣದ ನಂತರ ಯಾವುದು, ನಡುವೆ ಎಷ್ಟು ದೂರ ಅನ್ನುವುದು ಇದೆ. ದಾರಿ ನಡೆಯುವವರಿಗೆ ಬೇಕಾದದ್ದು ಅದೇ. 1869ರಲ್ಲಿ ಫ್ರಾನ್ಸಿನ ಎಂಜಿನಿಯರ್ ಶಾರ್ಲ್ ಮಿನಾರ್ ಬಿಡಿಸಿದ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ನಕ್ಷೆಯಲ್ಲಿ ಗೆರೆಯ ದಪ್ಪವೇ ಸೈನಿಕರ ಸಂಖ್ಯೆ. ಹೊರಟಾಗ 4,22,000 ಜನರ ದಪ್ಪ ಪಟ್ಟಿ. ಮರಳಿ ಬಂದಾಗ 10,000 ಜನರ ಎಳೆ. ಅದರ ಕೆಳಗೆ ವಾಪಸ್ ದಾರಿಯ ಚಳಿಯ ಅಂಕಿಗಳು. ನಿಮ್ಮ ಗೆರೆಗೂ ಹೀಗೆ ಅರ್ಥ ತುಂಬಬಹುದು. ಎಷ್ಟು ಸಲ ಹೋದಿರೋ ಅಷ್ಟು ದಪ್ಪ ಅಂತ ಮಾಡಿದರೆ, ದಿನಾ ಓಡಾಡುವ ದಾರಿ ದೂರದ ಪ್ರವಾಸಗಳನ್ನೆಲ್ಲ ಮೀರಿಸಿ ನಿಲ್ಲುತ್ತದೆ.

ಗೆರೆ ಸಿಗುವುದು ಜಿಪಿಎಸ್‌ನಿಂದ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಪರಮಾಣು ಗಡಿಯಾರದ ಸಮಯವನ್ನು ಬಿಡದೆ ಪ್ರಸಾರ ಮಾಡುತ್ತವೆ. ನಿಮ್ಮ ಫೋನು ಅದಕ್ಕೆ ಏನನ್ನೂ ಕಳಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೇ. ಸಂಕೇತ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳು ಬೇಕು. ಮೂರು ಜಾಗಕ್ಕೆ, ನಾಲ್ಕನೆಯದು ಫೋನಿನ ಸಾಧಾರಣ ಗಡಿಯಾರದ ತಪ್ಪನ್ನು ಸರಿಪಡಿಸಲು. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ 300 ಮೀಟರ್ ದೂರ ತಪ್ಪುತ್ತದೆ. ಬಯಲಿನಲ್ಲಿ ಫೋನಿನ ಅಂದಾಜು ಸುಮಾರು 5 ಮೀಟರ್ ಒಳಗೆ ಬರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ನೀವು ರಸ್ತೆಯ ಆಚೆ ಬದಿಯಲ್ಲಿ ನಡೆದ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ: 2000ನೇ ಇಸವಿಯ ಮೇ ತಿಂಗಳ ಶುರುವಿನವರೆಗೆ ಅಮೆರಿಕ ಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಅದಕ್ಕಿಂತ ಹಿಂದಿನ ಜಿಪಿಎಸ್ ದಾಖಲೆ ನಿಮ್ಮಲ್ಲಿದ್ದರೆ 100 ಮೀಟರ್ ಆಚೀಚೆ ಇರಬಹುದು.

ಈ ಗೆರೆಗಳನ್ನು ಉಳಿಸಿಡಲು ಜಿಪಿಎಕ್ಸ್ ಫೈಲ್ ಒಳ್ಳೆಯದು. ಬಹುತೇಕ ಎಲ್ಲ ನಕ್ಷೆಯ ಸಾಫ್ಟ್‌ವೇರ್ ಅದನ್ನು ಓದುತ್ತದೆ. ಅದರಲ್ಲಿ ರೂಟ್ ಮತ್ತು ಟ್ರ್ಯಾಕ್ ಅಂತ ಎರಡು ಬೇರೆ ಬೇರೆ ಇವೆ. ರೂಟ್ ಅಂದರೆ ಹೋಗಬೇಕು ಅಂತ ಹಾಕಿಕೊಂಡ ದಾರಿ. ಟ್ರ್ಯಾಕ್ ಅಂದರೆ ನಿಜವಾಗಿ ಹೋದ ದಾರಿ. ಇವೆರಡನ್ನೂ ಬೆರೆಸಬೇಡಿ. ಹಳೆಯ ಬಸ್ ಪ್ರಯಾಣಕ್ಕೆ ಇವತ್ತಿನ ನಕ್ಷೆ ತೋರಿಸುವ ಹತ್ತಿರದ ರಸ್ತೆಯನ್ನು ಎಳೆದರೆ ಅದು ಟ್ರ್ಯಾಕ್ ಅಲ್ಲ, ಊಹೆ. ಅದನ್ನು ಚುಕ್ಕಿ ಚುಕ್ಕಿ ಗೆರೆಯಲ್ಲಿ ಹಾಕಿ. ಗೊತ್ತಿರುವುದಕ್ಕೆ ಗಟ್ಟಿ ಗೆರೆ, ಊಹೆಗೆ ಚುಕ್ಕಿ ಗೆರೆ. ಇದೊಂದನ್ನು ಪಾಲಿಸಿದರೆ ನಿಮ್ಮ ನಕ್ಷೆಯನ್ನು ಯಾರಾದರೂ ನಂಬಬಹುದು.

ಚೀನಾದಲ್ಲಿ ಓಡಾಡಿದವರಿಗೆ ಒಂದು ವಿಚಿತ್ರ ಎದುರಾಗುತ್ತದೆ. ಟ್ರ್ಯಾಕ್ ರಸ್ತೆಯ ಮೇಲೆ ಇರದೆ ನೂರಾರು ಮೀಟರ್ ಪಕ್ಕದಲ್ಲಿ ಹೊಲದೊಳಗೆ, ಕೆರೆಯೊಳಗೆ ಹೋಗಿರುತ್ತದೆ. ಅದು ನಿಮ್ಮ ಫೋನಿನ ತಪ್ಪಲ್ಲ. ಅಲ್ಲಿನ ಕಾನೂನಿನ ಪ್ರಕಾರ ಪ್ರಕಟವಾಗುವ ನಕ್ಷೆಗಳು ಜಿಸಿಜೆ-02 ಅನ್ನುವ ಬೇರೆ ಚೌಕಟ್ಟಿನಲ್ಲಿ ಇರಬೇಕು. ಅದು ಜಾಗಗಳನ್ನು ಬೇಕೆಂದೇ ಸರಿಸುತ್ತದೆ. ನಿಮ್ಮ ಜಿಪಿಎಸ್ ಡಬ್ಲ್ಯುಜಿಎಸ್-84 ಅನ್ನುವ ಚೌಕಟ್ಟಿನಲ್ಲಿ ಬರೆಯುತ್ತದೆ. ಜನರೇ ಸೇರಿ ಮಾಡುವ ಉಚಿತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಅದೇ ಟ್ರ್ಯಾಕ್ ಹಾಕಿ ನೋಡಿದರೆ ರಸ್ತೆಗೆ ಕೂಡಿಕೊಳ್ಳುತ್ತದೆ.

ವಿಮಾನದ ಗೆರೆ ಇನ್ನೊಂದು ಥರ. ಟೋಕಿಯೊದಿಂದ ನ್ಯೂಯಾರ್ಕಿಗೆ ಚಪ್ಪಟೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದು ಪೆಸಿಫಿಕ್ ಸಾಗರದ ನಡುವೆ ಹೋಗುತ್ತದೆ. ಗೋಳದ ಮೇಲೆ ಹತ್ತಿರದ ದಾರಿ ಅಲಾಸ್ಕಾ, ಉತ್ತರ ಕೆನಡಾದ ಮೇಲಿನದು. ಹಾಗಾಗಿ ಬಾಗಿದ ಗೆರೆಯೇ ಸರಿ, ಅದೂ ಚುಕ್ಕಿ ಗೆರೆ. ಯಾಕೆಂದರೆ ಗಾಳಿ ನೋಡಿಕೊಂಡು ವಿಮಾನದ ದಾರಿ ದಿನಾ ಬದಲಾಗುತ್ತದೆ. ಟೋಕಿಯೊದಿಂದ ಹೊನೊಲುಲುಗೆ ಗೆರೆ ಹಾಕಿದರೆ ಕೆಲವು ಸಾಫ್ಟ್‌ವೇರ್‌ಗಳು ಪೆಸಿಫಿಕ್ ದಾಟುವ ಬದಲು ಏಷ್ಯಾ, ಅಟ್ಲಾಂಟಿಕ್, ಅಮೆರಿಕ ಎಲ್ಲವನ್ನೂ ಹಾದು ಉಲ್ಟಾ ಸುತ್ತಿ ಬರುತ್ತವೆ. 180 ಡಿಗ್ರಿ ರೇಖಾಂಶದಲ್ಲಿ ಅಂಕಿ ಪ್ಲಸ್‌ನಿಂದ ಮೈನಸ್‌ಗೆ ಹಾರುವುದೇ ಇದಕ್ಕೆ ಕಾರಣ. ಗೆರೆಯನ್ನು ಅಲ್ಲಿ ಕತ್ತರಿಸಿ ಎರಡು ತುಂಡು ಮಾಡಿದರೆ ಸರಿಹೋಗುತ್ತದೆ.

ಇಡೀ ಪ್ರಪಂಚದ ನಕ್ಷೆ ಮಾಡುವವರು ಗೋಳವನ್ನು ಚಪ್ಪಟೆ ಮಾಡುವ ರೀತಿಯ ಬಗ್ಗೆಯೂ ಒಂದು ಮಾತು ಕೇಳಬೇಕು. ಆನ್‌ಲೈನ್ ನಕ್ಷೆಗಳು ಹೆಚ್ಚಾಗಿ ಬಳಸುವುದು 1569ರ ಮರ್ಕೇಟರ್ ನಕ್ಷೆಯ ಇಂದಿನ ರೂಪ. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು. ಊರೊಳಗಿನ ನಕ್ಷೆಗೆ ಇದರಿಂದ ತೊಂದರೆ ಇಲ್ಲ. ಪ್ರಪಂಚವನ್ನು ಬಣ್ಣದಲ್ಲಿ ತೋರಿಸುವುದಾದರೆ 2018ರಲ್ಲಿ ಬಂದ ಈಕ್ವಲ್ ಅರ್ಥ್ ಥರದ, ವಿಸ್ತೀರ್ಣ ಕೆಡಿಸದ ನಕ್ಷೆ ಆರಿಸಿಕೊಳ್ಳಿ. ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದು ಸುಲಭ. ಅಷ್ಟು ಕಲಿಯುವ ಪುರುಸೊತ್ತು ಇಲ್ಲದವರಿಗೆ ಗೂಗಲ್ ಮೈ ಮ್ಯಾಪ್ಸ್, ಯುಮ್ಯಾಪ್ ಇವೆ. ಗೋಡೆಯ ಮೇಲಿನ ಕಾಗದದ ನಕ್ಷೆ, ಪಿನ್ನು, ದಾರ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಪಟ್ಟಿ ಬೇರೆ ಇದ್ದರೆ.

ಯಾರಿಗೆ ತೋರಿಸುತ್ತೀರಿ

ನಿಮ್ಮ ನಕ್ಷೆ ನಿಮಗೆ ತಿಳಿಯದ ಹಾಗೆ ತುಂಬಾ ಹೇಳಿಬಿಡುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಟ್ರಾವಾ ಆ್ಯಪ್ 2017ರ ನವೆಂಬರ್‌ನಲ್ಲಿ ತನ್ನ ಬಳಕೆದಾರರ ಓಟ, ಸೈಕಲ್ ದಾರಿಗಳನ್ನೆಲ್ಲ ಸೇರಿಸಿ ಹೆಸರಿಲ್ಲದ ಒಂದು ಪ್ರಪಂಚ ನಕ್ಷೆ ಬಿಟ್ಟಿತು. 2018ರ ಜನವರಿಯಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ನೋಡುತ್ತಾ, ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಮರುಭೂಮಿಯಲ್ಲಿ ಹೊಳೆಯುವ ಗೆರೆಗಳು ಸೇನಾ ನೆಲೆಗಳಲ್ಲಿ ಸೈನಿಕರು ಓಡಿದ ದಾರಿಗಳು ಅಂತ ಗುರುತಿಸಿದ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ 15 ಲಕ್ಷ ಜನರ 15 ತಿಂಗಳ ಮೊಬೈಲ್ ಮಾಹಿತಿ ನೋಡಿತು. ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಅನ್ನುವ ನಾಲ್ಕೇ ನಾಲ್ಕು ಬಿಂದುಗಳು ಸಿಕ್ಕಿದರೆ 95 ಶೇಕಡ ಜನರನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದು ಅಂತ ಅದರಲ್ಲಿ ಗೊತ್ತಾಯಿತು. ಹೆಸರು ತೆಗೆದರೆ ಸಾಕು ಅನ್ನುವ ನಂಬಿಕೆ ಅಲ್ಲಿಗೆ ಮುಗಿಯಿತು.

ಹಾಗಾಗಿ ಎರಡು ನಕ್ಷೆ ಇಟ್ಟುಕೊಳ್ಳಿ. ಒಂದು ನಿಮಗೆ, ಎಲ್ಲ ವಿವರಗಳ ಜೊತೆ. ಇನ್ನೊಂದು ಬೇರೆಯವರಿಗೆ. ಎರಡನೆಯದರಲ್ಲಿ ಅಕ್ಷಾಂಶ, ರೇಖಾಂಶವನ್ನು ಎರಡು ದಶಮಾಂಶಕ್ಕೆ ಇಳಿಸಿ, ದಿನಾಂಕದ ಬದಲು ವರ್ಷ ಮಾತ್ರ ಹಾಕಿ. ಮನೆಯಿಂದ ಶುರುವಾಗುವ ಟ್ರ್ಯಾಕ್‌ನ ಎರಡೂ ತುದಿಗಳನ್ನು ಕತ್ತರಿಸಿ. ಆದರೆ ಪ್ರತಿ ಸಲ ಮನೆಯಿಂದ ಸರಿಯಾಗಿ ಅರ್ಧ ಕಿಲೋಮೀಟರಿಗೇ ಕತ್ತರಿಸಿದರೆ ಆ ತುದಿಗಳೆಲ್ಲ ಸೇರಿ ಒಂದು ವೃತ್ತವಾಗುತ್ತವೆ, ನಡುವೆ ಮನೆ ಸಿಕ್ಕಿಬಿಡುತ್ತದೆ. ಒಂದೊಂದು ಸಲ ಒಂದೊಂದು ದೂರಕ್ಕೆ ಕತ್ತರಿಸಿ. ಪ್ರವಾಸ ಮುಗಿಸಿ ಬಂದ ಮೇಲೆ ಹಂಚಿಕೊಳ್ಳಿ. ಜೊತೆಗಿದ್ದವರ ಓಡಾಟವೂ ನಿಮ್ಮ ನಕ್ಷೆಯಲ್ಲಿ ಇರುತ್ತದೆ, ಅವರನ್ನು ಒಂದು ಮಾತು ಕೇಳಿ.

ಫೈಲ್‌ಗಳು ನಿಮ್ಮ ಕೈಯಲ್ಲೇ ಇರಲಿ. ಗೂಗಲ್ 2024ರಲ್ಲಿ ಟೈಮ್‌ಲೈನ್, ಅಂದರೆ ಬಳಕೆದಾರರು ಎಲ್ಲೆಲ್ಲಿ ಓಡಾಡಿದರು ಅನ್ನುವ ದಾಖಲೆಯ ಮಾಹಿತಿಯನ್ನು ತನ್ನ ಸರ್ವರ್‌ಗಳಿಂದ ಬಳಕೆದಾರರ ಫೋನಿಗೆ ಸರಿಸಲು ಶುರು ಮಾಡಿತು. ಖಾಸಗಿತನದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಬ್ಯಾಕಪ್ ಆನ್ ಮಾಡದೆ ಫೋನ್ ಕಳೆದುಕೊಂಡರೆ ವರ್ಷಗಳ ಓಡಾಟ ಒಟ್ಟಿಗೆ ಹೋಗುತ್ತದೆ. ಆ್ಯಪ್‌ಗಳು ಬರುತ್ತವೆ, ಮುಚ್ಚುತ್ತವೆ. ಪಟ್ಟಿಯನ್ನು ಸಿಎಸ್‌ವಿಯಲ್ಲಿ, ಗೆರೆಗಳನ್ನು ಜಿಪಿಎಕ್ಸ್‌ನಲ್ಲಿ ಇಟ್ಟುಕೊಳ್ಳಿ. ಎರಡೂ ಬರೀ ಅಕ್ಷರಗಳ ಫೈಲ್‌ಗಳು. ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆದು ಓದಬಹುದು. ಒಂದು ಪ್ರತಿ ಬೇರೆ ಕಡೆಯೂ ಇರಲಿ. ಶುರು ಮಾಡುವಾಗ ಬಾಲ್ಯದಿಂದ ಹಿಡಿಯಬೇಡಿ. ತೀರಾ ಇತ್ತೀಚಿನ ಪ್ರವಾಸದಿಂದ ಹಿಂದಕ್ಕೆ ಹೋಗಿ. ಟಿಕೆಟ್, ಫೋಟೋ ಇನ್ನೂ ಕೈಗೆ ಸಿಗುತ್ತವೆ, ಜೊತೆಗೆ ಬಂದವರಿಗೆ ದಾರಿ ಇನ್ನೂ ನೆನಪಿರುತ್ತದೆ.